ಅಮ್ಮ ‘ಓ’, ಮಗಳು ‘ಎಬಿ’: ಬಾಂಬೆ ರಕ್ತದ ಗುಂಪು ಮತ್ತು ಪ್ರೋಟೀನಿಗೆ ಅಂಟುವ ಸಕ್ಕರೆ

ಶೈಲಜಾ_ಕುಂದಾಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಅಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ. ರಕ್ತಸ್ರಾವ ಹೆಚ್ಚಾಗಿ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಆಪರೇಷನ್‌ಗೆ ಮೊದಲು ರಕ್ತ ಏರಿಸಬೇಕು ಅಂದರು. ಅಮ್ಮನ ಹಳೆಯ ಚೀಟಿಗಳಲ್ಲೆಲ್ಲ ಇರುವುದು ‘ಓ ಪಾಸಿಟಿವ್’. ಓ ರಕ್ತ ಎಲ್ಲಾದರೂ ಸಿಕ್ಕೇ ಸಿಗುತ್ತದೆ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. ಆದರೆ ಕ್ರಾಸ್ ಮ್ಯಾಚ್ (ಕೊಡುವ ರಕ್ತ ಅಮ್ಮನ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿದಾಗ ಬ್ಲಡ್ ಬ್ಯಾಂಕಿನಲ್ಲಿದ್ದ ಒಂದು ಓ ಬ್ಯಾಗೂ ಹೊಂದಲಿಲ್ಲ. ಮರುದಿನ ದೊಡ್ಡ ಕೇಂದ್ರಕ್ಕೆ ಸ್ಯಾಂಪಲ್ ಕಳಿಸಿದ ಮೇಲೆ ಗೊತ್ತಾಯಿತು, ಅಮ್ಮನದು ಓ ಅಲ್ಲ, ‘ಬಾಂಬೆ’ ಗುಂಪು. ಇಷ್ಟು ವರ್ಷ ಒಂದು ಲ್ಯಾಬಿನವರಿಗೂ ಇದು ತಿಳಿಯದೇ ಹೋದದ್ದು ಹೇಗೆ?

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ನನ್ನ ಗುಂಪು ಎಬಿ, ಅಪ್ಪನದು ಎ. ಓ ತಾಯಿಗೆ ಎಬಿ ಮಗು ಹುಟ್ಟುವುದಿಲ್ಲ ಅಂತ ಪಿಯುಸಿಯಲ್ಲಿ ಓದಿದ ದಿನದಿಂದ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಸಂಬಂಧಿಕರೊಬ್ಬರು ಒಮ್ಮೆ ಅಮ್ಮನ ಎದುರೇ ಕೊಂಕು ಆಡಿದ್ದರು. ಅಮ್ಮ ಆವತ್ತು ಊಟ ಮಾಡಲಿಲ್ಲ. ಈಗ ಈ ಬಾಂಬೆ ಗುಂಪಿನಿಂದ ಅದಕ್ಕೆ ಉತ್ತರ ಸಿಗುತ್ತದೆಯೇ?

ಲ್ಯಾಬ್_ಹುಬ್ಬಳ್ಳಿ

ಅಕ್ಕಾರ, ನಾ ಬ್ಲಡ್ ಬ್ಯಾಂಕ್‌ನಾಗ ಕೆಲಸ ಮಾಡ್ತೀನಿ. ಮೊದಲನೇ ಪ್ರಶ್ನೆಗೆ ನಾ ಹೇಳ್ತೀನಿ, ಎರಡನೇದು ಮೇಷ್ಟ್ರು ಯಾರಾದ್ರೂ ಹೇಳ್ಲಿ.

ಕ್ಯಾಂಪ್‌ನಾಗ, ಸಣ್ಣ ಲ್ಯಾಬ್‌ನಾಗ ಗಾಜಿನ ಸ್ಲೈಡ್ ಮ್ಯಾಲೆ ಎರಡು ಹನಿ ರಕ್ತ ಹಾಕ್ತಾರ. ಒಂದಕ್ಕ ಎ ರಕ್ತಾನ ಗಂಟು ಕಟ್ಟಸೋ ಆಂಟಿ-ಎ, ಇನ್ನೊಂದಕ್ಕ ಬಿ ರಕ್ತಾನ ಗಂಟು ಕಟ್ಟಸೋ ಆಂಟಿ-ಬಿ. ನೀಲಿ ಬಾಟ್ಲಿ, ಹಳದಿ ಬಾಟ್ಲಿ. ಎರಡರಾಗೂ ರಕ್ತ ಗಂಟು ಕಟ್ಟಲಿಲ್ಲ ಅಂದ್ರ ‘ಓ’ ಅಂತ ಬರದು ಕಳಸ್ತಾರ. ಬಾಂಬೆ ಗುಂಪಿನ ರಕ್ತಾನೂ ಎರಡರಾಗೂ ಗಂಟು ಕಟ್ಟಂಗಿಲ್ಲ. ಅಲ್ಲಿಗೇ ನಿಂತ್ರ ಓ ಅಂತನ ಕಾಣ್ತದ.

ಗುಟ್ಟು ಹೊರಗ ಬರೋದು ರಿವರ್ಸ್ ಗ್ರೂಪಿಂಗ್‌ನಾಗ. ಪೇಷಂಟ್‌ದು ಸೀರಮ್ (ರಕ್ತದಾಗಿನ ತಿಳಿ ನೀರು) ತಗೊಂಡು ಅದಕ್ಕ ಗೊತ್ತಿರೋ ಎ ಸೆಲ್, ಬಿ ಸೆಲ್, ಓ ಸೆಲ್ ಹಾಕಿ ನೋಡ್ತೀವಿ. ಖರೇ ಓ ಇದ್ದವರ ಸೀರಮ್, ಓ ಸೆಲ್ ಕೂಡ ಸುಮ್ನ ಇರ್ತದ. ಬಾಂಬೆಯವರ ಸೀರಮ್ ಓ ಸೆಲ್ಲನ್ನೂ ಗಟ್ಟಿಯಾಗಿ ಗಂಟು ಕಟ್ಟಸ್ತದ, ಟ್ಯೂಬ್ ಅಲ್ಲಾಡಿಸಿದ್ರೂ ಕೆಂಪು ಗುಂಡಿ ಒಡ್ಯಂಗಿಲ್ಲ. ಅವರದೇ ಸೆಲ್ಲಿಗೆ ಅವರದೇ ಸೀರಮ್ ಹಾಕಿದ್ರ ಏನೂ ಆಗಂಗಿಲ್ಲ. ಎಚ್ ಅಂದ್ರ ಎ, ಬಿ ಎರಡಕ್ಕೂ ಬುನಾದಿ ಆಗಿರೋ ಗುರುತು, ಬಾಂಬೆ ಸೆಲ್ ಮ್ಯಾಲೆ ಅದು ಇರಂಗಿಲ್ಲ. ಅದನ್ನ ನೋಡಾಕ ಆಮೇಲೆ ಆಂಟಿ-ಎಚ್ ಹಾಕ್ತೀವಿ. ಅದು ಯೂಲೆಕ್ಸ್ ಅನ್ನೋ ಮುಳ್ಳಿನ ಗಿಡದ ಬೀಜದ ರಸ. ಓ ಸೆಲ್ ಅದರಾಗ ಭಾಳ ಜೋರಾಗಿ ಗಂಟು ಕಟ್ತದ. ಬಾಂಬೆ ಸೆಲ್ ಕಟ್ಟಂಗ ಇಲ್ಲ. ಅಲ್ಲಿಗೆ ಖಾತ್ರಿ.

ನಿಮ್ಮ ಅಮ್ಮಾರಿಗೆ ಕ್ರಾಸ್ ಮ್ಯಾಚ್ ಮಾಡದನ ಓ ರಕ್ತ ಏರಿಸಿಲ್ಲಲ್ಲ, ಅದು ದೊಡ್ಡ ಪುಣ್ಯ. ಅವರ ಸೀರಮ್‌ನಾಗ ತಾನಾಗೇ ಇರೋ ಆಂಟಿ-ಎಚ್ ಪ್ರತಿಕಾಯ ಮೈ ಬಿಸಿ 37 ಡಿಗ್ರಿ ಒಳಗೂ ಕೆಲಸ ಮಾಡ್ತದ. ಹಂಗ ಏರಿಸಿದ್ರ ರಕ್ತನಾಳದ ಒಳಗನ ಕೆಂಪುಕಣ ಒಡೀತಾವ, ಕಿಡ್ನಿಗೆ ಹೊಡೀತದ, ಜೀವಕ್ಕ ಅಪಾಯ.

ಜೀವರಸಾಯನ_ಮೈಸೂರು

ಶೈಲಜಾ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುತ್ತದೆ, ಪೂರ್ತಿಯಾಗಿ ಸಿಗುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಾಯಿಗೆ ಎಬಿ ಮಗಳು ಹುಟ್ಟುವುದು ತಳಿವಿಜ್ಞಾನದ ಪ್ರಕಾರ ಸಹಜ. ಪಿಯುಸಿ ಪಾಠದಲ್ಲಿರುವುದು ಎಚ್ ಇದ್ದವರ ಲೆಕ್ಕ ಮಾತ್ರ.

ಈಗ ಕಾರಣ. ರಕ್ತದ ಗುಂಪು ಅಂದರೆ ಕೆಂಪುಕಣದ ಹೊರಮೈಯಲ್ಲಿ ಇರುವ ಸಕ್ಕರೆ ಸರಪಳಿಗಳ ತುದಿ. ಆ ಸರಪಳಿಗಳು ಕೊಬ್ಬಿನ ಅಣುಗಳ ಮೇಲೂ ಇರುತ್ತವೆ, ಪ್ರೋಟೀನುಗಳ ಮೇಲೂ ಇರುತ್ತವೆ. ಪ್ರೋಟೀನ್ ತಯಾರಾದ ಮೇಲೆ ಜೀವಕೋಶದ ಗಾಲ್ಜಿ ಎಂಬ ಭಾಗದಲ್ಲಿ ಕಿಣ್ವಗಳು ಅದಕ್ಕೆ ಒಂದೊಂದೇ ಸಕ್ಕರೆ ಸೇರಿಸುತ್ತವೆ. ಹೀಗೆ ತಯಾರಾದ ನಂತರ ಪ್ರೋಟೀನಿಗೆ ಆಗುವ ಮಾರ್ಪಾಡುಗಳಲ್ಲಿ ಇದು ಬಹಳ ಮುಖ್ಯವಾದದ್ದು, ಗ್ಲೈಕೋಸೈಲೇಷನ್ ಎನ್ನುತ್ತಾರೆ.

ಸರಪಳಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ಎಚ್. ಸೇರಿಸುವ ಕಿಣ್ವದ ಜೀನ್ ಎಫ್‌ಯುಟಿ1, 19ನೇ ಕ್ರೋಮೋಸೋಮಿನಲ್ಲಿದೆ. ಎಚ್ ಸಿದ್ಧವಾದ ಮೇಲೆಯೇ 9ನೇ ಕ್ರೋಮೋಸೋಮಿನ ಎಬಿಒ ಜೀನಿನ ಸರದಿ. ಆ ಜೀನಿನ ಎ ರೂಪದಿಂದ ಬಂದ ಕಿಣ್ವ ಎಚ್‌ಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮಿನ್ ಸೇರಿಸುತ್ತದೆ, ಬಿ ರೂಪದ ಕಿಣ್ವ ಗ್ಯಾಲಕ್ಟೋಸ್ ಸೇರಿಸುತ್ತದೆ. ಈ ಎರಡು ಕಿಣ್ವಗಳಿಗೂ ಇರುವ ವ್ಯತ್ಯಾಸ ನಾಲ್ಕೇ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು): 176, 235, 266, 268ನೇ ಸ್ಥಾನಗಳಲ್ಲಿ. ಓ ರೂಪದಲ್ಲಿ ಸಾಮಾನ್ಯವಾಗಿ 261ನೇ ಜಾಗದ ಒಂದು ಡಿಎನ್‌ಎ ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದೆ ಓದುವ ಕ್ರಮವೇ ತಪ್ಪಿ, ಕೆಲಸಕ್ಕೆ ಬಾರದ ತುಂಡು ಪ್ರೋಟೀನ್ ಆಗುತ್ತದೆ. ಓ ಇದ್ದವರಲ್ಲಿ ಎಚ್ ಹಾಗೆಯೇ ಬರಿದಾಗಿ ಉಳಿಯುತ್ತದೆ. ಇದನ್ನೆಲ್ಲ ಡಿಎನ್‌ಎ ಮಟ್ಟದಲ್ಲಿ ಯಾಮಾಮೊಟೊ ತಂಡ ಬಿಡಿಸಿ ತೋರಿಸಿದ್ದು 1990ರಲ್ಲಿ. ಲ್ಯಾಂಡ್‌ಸ್ಟೈನರ್ ಗುಂಪುಗಳನ್ನು ಗುರುತಿಸಿದ್ದು 1901ರಲ್ಲಿ. ನಡುವೆ ಸುಮಾರು ತೊಂಬತ್ತು ವರ್ಷ.

ಗೋಡೆಯಲ್ಲಿ ಮೊಳೆಯೇ ಇಲ್ಲದಿದ್ದರೆ ಕೈಯಲ್ಲಿ ಪಟ ಇದ್ದರೂ ತೂಗುಹಾಕಲು ಬರುವುದಿಲ್ಲ. ನಿಮ್ಮ ಅಮ್ಮನ ವಿಷಯದಲ್ಲಿ ಆಗಿರುವುದು ಇದೇ. ಅವರಲ್ಲಿ ಬಿ ಜೀನ್ ಇದೆ, ಬಿ ಕಿಣ್ವ ತಯಾರಾಗುತ್ತಲೂ ಇದೆ. ಎಚ್ ಇಲ್ಲದ್ದರಿಂದ ಅದಕ್ಕೆ ಕೆಲಸವಿಲ್ಲ. ಆ ಬಿ ಜೀನ್ ನಿಮಗೆ ಬಂತು, ಅಪ್ಪನಿಂದ ಎ ಬಂತು, ಜೊತೆಗೆ ಅಪ್ಪನಿಂದಲೇ ಸರಿಯಾಗಿ ಕೆಲಸ ಮಾಡುವ ಎಫ್‌ಯುಟಿ1 ಕೂಡ ಬಂತು. ಅಮ್ಮನಲ್ಲಿ ಅಡಗಿದ್ದ ಬಿ ನಿಮ್ಮಲ್ಲಿ ಕಾಣಿಸಿಕೊಂಡಿತು. ನಿಮ್ಮ ಸಂಬಂಧಿಕರಿಗೆ ಈ ಪ್ಯಾರಾ ಒಂದನ್ನು ಓದಿ ಹೇಳಿ.

ಭಾರತದ ಬಾಂಬೆ ಗುಂಪಿನವರಲ್ಲಿ ಹೆಚ್ಚಾಗಿ ಕಾಣುವುದು ಎಫ್‌ಯುಟಿ1ರ 725ನೇ ಅಕ್ಷರ ಟಿ ಹೋಗಿ ಜಿ ಆಗಿರುವುದು. ಇದರಿಂದ ಕಿಣ್ವದ 242ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಆರ್ಜಿನಿನ್ ಕೂರುತ್ತದೆ. ಅಷ್ಟಕ್ಕೇ ಕಿಣ್ವ ಸತ್ತಂತೆ. ಪಕ್ಕದಲ್ಲೇ ಇರುವ, ಜೊಲ್ಲಿನಂಥ ಸ್ರಾವಗಳಲ್ಲಿ ಎಚ್ ತಯಾರಿಸುವ ಎಫ್‌ಯುಟಿ2 ಜೀನ್ ಇದೇ ಜನರಲ್ಲಿ ಕಳಚಿಹೋಗಿರುತ್ತದೆ, ಹಾಗಾಗಿ ಜೊಲ್ಲಿನಲ್ಲೂ ಎಚ್ ಇರುವುದಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿ ಮಾಡಿದ್ದರಿಂದ ಈ ಹೆಸರು.

ಪ್ರಶ್ನಾರ್ಥಕ_ಶಿವಮೊಗ್ಗ

ಸರ್, ಓ ತಾಯಿಗೆ ಎಬಿ ಮಗು ಹುಟ್ಟಲು ಸಿಸ್-ಎಬಿ ಎಂಬ ಇನ್ನೊಂದು ದಾರಿಯೂ ಇದೆಯಲ್ಲ? ಎ ಮತ್ತು ಬಿ ಎರಡೂ ಕೆಲಸವನ್ನು ಒಂದೇ ಕಿಣ್ವ ಮಾಡುವ ರೂಪಾಂತರ?

ಜೀವರಸಾಯನ_ಮೈಸೂರು

ಇದೆ. ಆದರೆ ಆಗ ತಂದೆಯೇ ಎಬಿ ಆಗಿ ಕಾಣಿಸಬೇಕಿತ್ತು. ಇಲ್ಲಿ ತಂದೆ ಎ, ತಾಯಿಯ ರಕ್ತ ಆಂಟಿ-ಎಚ್ ಪರೀಕ್ಷೆಯಲ್ಲೇ ಬಾಂಬೆ ಎಂದು ಖಚಿತವಾಗಿದೆ. ಬೇರೆ ವಿವರಣೆ ಬೇಕಿಲ್ಲ.

ಶೈಲಜಾ_ಕುಂದಾಪುರ

ಸರ್, ನಿಮ್ಮ ಉತ್ತರವನ್ನು ಪ್ರಿಂಟ್ ತೆಗೆದು ಅಮ್ಮನಿಗೆ ಓದಿ ಹೇಳಿದೆ. ಅಪ್ಪನೂ ಕೂತು ಕೇಳಿದರು. ಇದಕ್ಕಿಂತ ಹೆಚ್ಚು ಏನು ಬರೆಯಲಿ, ತಿಳಿಯುತ್ತಿಲ್ಲ.

ಈಗ ಆಪರೇಷನ್ ಮಾತು. ನಾನು ಅಮ್ಮನಿಗೆ ರಕ್ತ ಕೊಡಬಹುದೇ? ಅಮ್ಮನ ಅಪ್ಪ-ಅಮ್ಮನದು ಸೋದರಮಾವ-ಸೊಸೆ ಮದುವೆ. ಬಾಂಬೆ ಗುಂಪು ಕಾಯಿಲೆಯೇ?

ಡಾ_ರಕ್ತನಿಧಿ

ಮೊದಲು ಮುಖ್ಯವಾದದ್ದು: ನೀವು ಕೊಡುವಂತಿಲ್ಲ. ನಿಮ್ಮ ಕೆಂಪುಕಣದ ಮೇಲೆ ಎಚ್, ಎ, ಬಿ ಮೂರೂ ಇವೆ. ನಿಮ್ಮ ತಾಯಿಗೆ ಬಾಂಬೆ ಗುಂಪಿನ ರಕ್ತ ಮಾತ್ರ ಆಗುತ್ತದೆ, ಆರ್‌ಎಚ್ (ಪಾಸಿಟಿವ್/ನೆಗೆಟಿವ್) ಅನ್ನೂ ಪ್ರತ್ಯೇಕವಾಗಿ ಹೊಂದಿಸಬೇಕು.

ಸಿಗುವ ಸಾಧ್ಯತೆ ಹೆಚ್ಚು ಇರುವುದು ನಿಮ್ಮ ಅಮ್ಮನ ಒಡಹುಟ್ಟಿದವರಲ್ಲಿ. ಇದು ರಿಸೆಸಿವ್ ಗುಣ, ಅಂದರೆ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣುವಂಥದ್ದು. ಅಜ್ಜ-ಅಜ್ಜಿ ಇಬ್ಬರೂ ಕೆಟ್ಟ ಎಫ್‌ಯುಟಿ1ರ ಒಂದೊಂದು ಪ್ರತಿ ಹೊತ್ತವರಾಗಿದ್ದರೆ, ಅವರ ಪ್ರತಿ ಮಗುವಿಗೂ ಬಾಂಬೆ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನ ಮದುವೆಯಲ್ಲಿ ಒಂದೇ ಹಿರಿಯರಿಂದ ಬಂದ ಒಂದೇ ರೂಪಾಂತರ ಎರಡೂ ಕಡೆಯಿಂದ ಸೇರುವ ಸಂಭವ ಹೆಚ್ಚು. ದೊಡ್ಡಮ್ಮ, ಚಿಕ್ಕಮ್ಮ, ಮಾವಂದಿರು ಎಲ್ಲರನ್ನೂ ಈಗಲೇ ಪರೀಕ್ಷೆ ಮಾಡಿಸಿ. ಅವರ ಚೀಟಿಯಲ್ಲಿ ಓ ಅಂತ ಇದ್ದರೆ ರಿವರ್ಸ್ ಗ್ರೂಪಿಂಗ್, ಆಂಟಿ-ಎಚ್ ಎರಡನ್ನೂ ಕೇಳಿ ಮಾಡಿಸಬೇಕು.

ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎಂಬ ಲೆಕ್ಕವಿದೆ, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಎನ್ನುತ್ತಾರೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡು ಕೋರಿಕೆ ಬಂದಾಗ ದಾನಿಗಳನ್ನು ಸಂಪರ್ಕಿಸುತ್ತದೆ. ನಿಮ್ಮ ಬ್ಲಡ್ ಬ್ಯಾಂಕಿನ ಮೂಲಕವೇ ಕೇಳಿಸಿ. ಗಡ್ಡೆಯ ಆಪರೇಷನ್ ತುರ್ತಲ್ಲದಿದ್ದರೆ ರಕ್ತಸ್ರಾವವನ್ನು ಔಷಧಿಯಿಂದ ತಡೆದು, ರಕ್ತನಾಳದ ಮೂಲಕ ಕಬ್ಬಿಣದ ಇಂಜೆಕ್ಷನ್ ಕೊಟ್ಟು, ಹಿಮೋಗ್ಲೋಬಿನ್ ಏರಿದ ಮೇಲೆ ದಿನ ನಿಗದಿ ಮಾಡುವುದು ಒಳ್ಳೆಯದು. ಅರಿವಳಿಕೆ ವೈದ್ಯರಿಗೂ ಮುಂಚೆಯೇ ತಿಳಿಸಿ.

ಬಾಂಬೆ ಗುಂಪು ತಾನಾಗಿ ಕಾಯಿಲೆಯಲ್ಲ. ರಕ್ತ ಬೇಕಾಗುವವರೆಗೆ ಆರೋಗ್ಯದಲ್ಲಿ ಏನೂ ತೊಂದರೆ ಕಾಣದೆ ಬದುಕುತ್ತಾರೆ. ನಿಮ್ಮಲ್ಲಿ ಆ ರೂಪಾಂತರದ ಒಂದು ಪ್ರತಿ ಖಂಡಿತ ಇದೆ. ನಿಮ್ಮ ಮದುವೆ ಅಮ್ಮನ ಕಡೆಯ ನೆಂಟರಲ್ಲೇ ಆಗುವುದಿದ್ದರೆ ಹುಡುಗನ ರಕ್ತವನ್ನೂ ನೋಡಿಸಬಹುದು.

ಆರೋಗ್ಯವೇ_ಭಾಗ್ಯ

ರಕ್ತದ ಗುಂಪಿಗೆ ತಕ್ಕ ಊಟ ಅಂತ ಒಂದು ಪದ್ಧತಿ ಇದೆಯಲ್ಲ, ಬಾಂಬೆಯವರು ಏನು ತಿನ್ನಬೇಕು?

ಡಾ_ರಕ್ತನಿಧಿ

ಎಲ್ಲರೂ ತಿನ್ನುವುದನ್ನೇ. ಆ ಊಟದ ಪದ್ಧತಿಗೆ ಆಧಾರವಿಲ್ಲ. ಈ ಅಮ್ಮನಿಗೆ ಸದ್ಯಕ್ಕೆ ಕಬ್ಬಿಣ ಬೇಕು.

ಪ್ರಶ್ನಾರ್ಥಕ_ಶಿವಮೊಗ್ಗ

ಒಂದು ಆಕ್ಷೇಪ ಇದೆ. ಶೀರ್ಷಿಕೆಯಲ್ಲಿ ‘ಪ್ರೋಟೀನಿಗೆ ಅಂಟುವ ಸಕ್ಕರೆ’ ಅಂತ ಇದೆ. ಬಾಂಬೆ ಗುಂಪಿನವರು ಆರೋಗ್ಯವಾಗಿಯೇ ಇರುತ್ತಾರೆ ಎಂದಮೇಲೆ ಈ ಸಕ್ಕರೆಯಿಂದ ಪ್ರೋಟೀನಿಗೆ ಏನು ಉಪಯೋಗ, ಏನು ನಷ್ಟ? ಕಾಯಿಲೆಗೆ ಏನು ಸಂಬಂಧ? ಬ್ಲಡ್ ಬ್ಯಾಂಕಿನ ತಾಪತ್ರಯ ಬಿಟ್ಟು ಹೇಳಿ.

ಜೀವರಸಾಯನ_ಮೈಸೂರು

ಒಳ್ಳೆಯ ಆಕ್ಷೇಪ. ಉತ್ತರಕ್ಕೆ ಕೆಂಪುಕಣ ಬಿಟ್ಟು ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಬರಬೇಕು. ಅಲ್ಲಿ ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಎಂಬ ದೊಡ್ಡ ಪ್ರೋಟೀನ್ ಇದೆ. ಗಾಯವಾದಾಗ ಪ್ಲೇಟ್‌ಲೆಟ್‌ಗಳನ್ನು ರಕ್ತನಾಳದ ಗೋಡೆಗೆ ಹಿಡಿದಿಡುವುದು ಅದರ ಕೆಲಸ. ಎ, ಬಿ, ಎಚ್ ಸಕ್ಕರೆಗಳು ಈ ಪ್ರೋಟೀನಿನ ಮೇಲೂ ನೇರವಾಗಿ ಕೂರುತ್ತವೆ.

1987ರಲ್ಲಿ ಅಮೆರಿಕದ 1117 ರಕ್ತದಾನಿಗಳಲ್ಲಿ ಇದರ ಮಟ್ಟ ಅಳೆದರು. ಓ ಗುಂಪಿನವರ ಸರಾಸರಿ ಸುಮಾರು 75, ಎ 106, ಬಿ 117, ಎಬಿ 123 ಯೂನಿಟ್. ವಾನ್ ವಿಲೆಬ್ರಾಂಡ್ ಜೀನಿನಲ್ಲಿ ಏನೂ ದೋಷವಿಲ್ಲ, ಅದರ ಮೇಲಿನ ಸಕ್ಕರೆ ಬೇರೆ, ಅಷ್ಟರಿಂದ ಮಟ್ಟ ಇಷ್ಟು ಬದಲು! ಕಾರಣ ಏನೆಂದರೆ ಎ ಅಥವಾ ಬಿ ಸಕ್ಕರೆ ಇಲ್ಲದ ಪ್ರೋಟೀನ್ ರಕ್ತದಿಂದ ಬೇಗ ಖಾಲಿಯಾಗುತ್ತದೆ, ಅದನ್ನು ಕತ್ತರಿಸುವ ಆಡಮ್‌ಟಿಎಸ್13 ಎಂಬ ಕಿಣ್ವಕ್ಕೂ ಸುಲಭವಾಗಿ ಸಿಗುತ್ತದೆ. ಬಾಂಬೆ ಗುಂಪಿನವರಲ್ಲಿ ಮಟ್ಟ ಓ ಗುಂಪಿಗಿಂತಲೂ ಕಡಿಮೆ ಎಂದು 2005ರಲ್ಲಿ ತೋರಿಸಿದ್ದಾರೆ.

ಇದರ ಪರಿಣಾಮ ಎರಡು ಬಗೆ. ಎ, ಬಿ, ಎಬಿ ಗುಂಪಿನವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಓ ಗುಂಪಿನವರಿಗಿಂತ ಹೆಚ್ಚು, ಸರಿಸುಮಾರು ಒಂದೂವರೆಯಿಂದ ಎರಡು ಪಟ್ಟು. ಓ ಗುಂಪಿನವರಲ್ಲಿ ಫ್ಯಾಕ್ಟರ್ ಮಟ್ಟ ತಗ್ಗಿರುವುದರಿಂದ ಹಲ್ಲು ಕಿತ್ತಾಗ ರಕ್ತ ನಿಲ್ಲದವರಿಗೆ ವಾನ್ ವಿಲೆಬ್ರಾಂಡ್ ಕಾಯಿಲೆ ಇದೆಯೋ, ಗುಂಪಿನಿಂದಲೇ ಹಾಗೆ ಕಾಣುತ್ತಿದೆಯೋ ಎಂದು ತೀರ್ಮಾನಿಸುವುದು ಕಷ್ಟ. ವೈದ್ಯರು ಆ ರಿಪೋರ್ಟ್ ನೋಡುವಾಗ ರಕ್ತದ ಗುಂಪನ್ನೂ ಕೇಳುವುದು ಇದಕ್ಕೇ. ಮಲೇರಿಯಾದಲ್ಲಿ ಲೆಕ್ಕ ಓ ಪರವಾಗಿದೆ: ಸೋಂಕು ತಗುಲಿದ ಕಣಕ್ಕೆ ಸುತ್ತಲಿನ ಕಣಗಳು ಅಂಟಿಕೊಳ್ಳುವುದು ಓ ಗುಂಪಿನಲ್ಲಿ ಕಡಿಮೆ, ಹಾಗಾಗಿ ತೀವ್ರ ಮಲೇರಿಯಾ ಕಡಿಮೆ. ಕಾಲರಾದಲ್ಲಿ ತಿರುಗುಮುರುಗು, ಓ ಗುಂಪಿನವರಿಗೇ ಕಾಯಿಲೆ ಜೋರು.

ಬೆಳಗಾವಿ_ಟು_ಬೆಲ್ಜಿಯಂ

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಇಲ್ಲಿಯವರೆಗೆ ಬಂದದ್ದು ಸಕ್ಕರೆ ಸೇರಿಸುವ ಕಿಣ್ವ ಕೆಟ್ಟ ಕಥೆ. ಪ್ರೋಟೀನಿನಲ್ಲೇ ಸಕ್ಕರೆ ಕೂರುವ ಜಾಗ ಹೊಸದಾಗಿ ಹುಟ್ಟಿಕೊಂಡು ಕಾಯಿಲೆ ಬರುವುದೂ ಉಂಟು. ನನಗೆ ಅದು ಇನ್ನೂ ಬೆರಗು ಹುಟ್ಟಿಸುತ್ತದೆ.

ಎನ್-ಗ್ಲೈಕೋಸೈಲೇಷನ್ ಆಗಲು ಒಂದು ನಿಯಮ ಇದೆ. ಅಸ್ಪರಜಿನ್ ಇರಬೇಕು, ಅದರಾಚೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು ಅಮೈನೋ ಆಮ್ಲ, ಅದರಾಚೆ ಸೆರಿನ್ ಅಥವಾ ಥ್ರಿಯೋನಿನ್. ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾಗಿ ಈ ಮೂರು ಅಕಸ್ಮಾತ್ತಾಗಿ ಕೂಡಿಬಂದರೆ ಇರಬಾರದ ಕಡೆ ಸಕ್ಕರೆ ಸರಪಳಿ ಬಂದು ಕೂರಬಹುದು. ಪ್ಯಾರಿಸ್ಸಿನ ಕಸನೋವಾ ಅವರ ತಂಡ 2005ರಲ್ಲಿ ಇಂಟರ್‌ಫೆರಾನ್ ಗಾಮಾ ರಿಸೆಪ್ಟರಿನ (ಸೋಂಕಿನ ವಿರುದ್ಧದ ಸಂಕೇತವನ್ನು ಹಿಡಿಯುವ ಪ್ರೋಟೀನ್) ಎರಡನೇ ಸರಪಳಿಯಲ್ಲಿ 168ನೇ ಥ್ರಿಯೋನಿನ್ ಅಸ್ಪರಜಿನ್ ಆಗಿದ್ದನ್ನು ತೋರಿಸಿತು. ಆ ಮಕ್ಕಳಿಗೆ ಬಿಸಿಜಿ ಲಸಿಕೆಯಲ್ಲಿರುವಂಥ ದುರ್ಬಲ ಮೈಕೋಬ್ಯಾಕ್ಟೀರಿಯಾದಿಂದಲೂ ಗಂಭೀರ ಸೋಂಕು. ರಿಸೆಪ್ಟರ್ ಜೀವಕೋಶದ ಮೇಲ್ಮೈಗೆ ಬಂದಿದೆ, ಆದರೆ ಹೆಚ್ಚುವರಿ ಸಕ್ಕರೆಯಿಂದಾಗಿ ಕೆಲಸ ಮಾಡುತ್ತಿಲ್ಲ. ಪ್ರಯೋಗಶಾಲೆಯಲ್ಲಿ ಆ ಸಕ್ಕರೆಯನ್ನು ತೆಗೆದಾಗ ಜೀವಕೋಶ ಮತ್ತೆ ಸಂಕೇತಕ್ಕೆ ಓಗೊಟ್ಟಿತು. ಹೆಪ್ಪು ತಡೆಯುವ ಆಂಟಿಥ್ರಾಂಬಿನ್‌ನಲ್ಲೂ 7ನೇ ಐಸೋಲ್ಯೂಸಿನ್ ಅಸ್ಪರಜಿನ್ ಆದಾಗ ಹೀಗೆಯೇ ಆಗುತ್ತದೆ. ಹೊಸ ಸಕ್ಕರೆ ಅಡ್ಡ ಬಂದು, ಅದಕ್ಕೆ ಬಲ ಕೊಡುವ ಹೆಪಾರಿನ್ ಎಂಬ ವಸ್ತುವನ್ನು ಹಿಡಿಯುವುದು ಕಷ್ಟವಾಗುತ್ತದೆ.

ಸಕ್ಕರೆಯಲ್ಲದ ಮಾರ್ಪಾಡುಗಳಲ್ಲೂ ಇಂಥದ್ದಿದೆ. ಪಿಇಆರ್2 ಪ್ರೋಟೀನಿನ 662ನೇ ಸೆರಿನ್ ಗ್ಲೈಸಿನ್ ಆದ ಕುಟುಂಬದವರು ಸಂಜೆಯೇ ಮಲಗಿ ನಸುಕಿಗೆ ಮುಂಚೆ ಏಳುತ್ತಾರೆ, ಫಾಸ್ಫೇಟ್ ಕೂರುವ ಜಾಗ ಹೋಯಿತು, ದೇಹದ ಗಡಿಯಾರ ಮುಂದೆ ಓಡಿತು. ಅದನ್ನು ಬೇರೆ ದಿನ ಬರೆಯುತ್ತೇನೆ.

ಜೀವರಸಾಯನ_ಮೈಸೂರು

ಬೆಳಗಾವಿಯವರೇ, ಬಾಂಬೆ ಗುಂಪೇ ಗಂಭೀರ ಕಾಯಿಲೆಯ ಸುಳಿವಾಗುವ ಪ್ರಸಂಗವೂ ಒಂದಿದೆ. 1992ರಲ್ಲಿ ಇಸ್ರೇಲಿನ ಎಟ್ಸಿಯೋನಿ ಮತ್ತು ಸಂಗಡಿಗರು ಎರಡು ಅರಬ್ ಮಕ್ಕಳ ವಿಷಯ ಪ್ರಕಟಿಸಿದರು. ಪದೇ ಪದೇ ಸೋಂಕು, ಬೆಳವಣಿಗೆ ಕುಂಠಿತ, ಬೌದ್ಧಿಕ ಬೆಳವಣಿಗೆಯೂ ಹಿಂದೆ. ಬಿಳಿ ರಕ್ತಕಣ ವಿಪರೀತ ಹೆಚ್ಚು, ಆದರೆ ಸೋಂಕಾದ ಜಾಗದಲ್ಲಿ ಕೀವು ಇಲ್ಲ. ಇಬ್ಬರದೂ ಬಾಂಬೆ ಗುಂಪು. ಇಲ್ಲಿ ಎಫ್‌ಯುಟಿ1 ಸರಿಯಾಗಿದೆ. ಕೆಟ್ಟಿರುವುದು ಫ್ಯೂಕೋಸನ್ನು ಗಾಲ್ಜಿಯೊಳಗೆ ಸಾಗಿಸುವ ಪ್ರೋಟೀನ್. 2001ರಲ್ಲಿ ಅದರ ಜೀನ್ ಸಿಕ್ಕಿತು, ಎಸ್‌ಎಲ್‌ಸಿ35ಸಿ1. ಫ್ಯೂಕೋಸ್ ಒಳಗೇ ಬರದ ಕಾರಣ ಎಚ್ ಒಂದೇ ಅಲ್ಲ, ಬಿಳಿ ರಕ್ತಕಣ ರಕ್ತನಾಳದ ಗೋಡೆಯನ್ನು ಹಿಡಿಯಲು ಬಳಸುವ ಸಿಯಾಲಿಲ್ ಲೂಯಿಸ್ ಎಕ್ಸ್ ಕೂಡ ತಯಾರಾಗುವುದಿಲ್ಲ. ಕಣಗಳು ರಕ್ತದಲ್ಲೇ ಹರಿದು ಹೋಗುತ್ತವೆ, ಸೋಂಕಿನ ಜಾಗಕ್ಕೆ ಇಳಿಯಲಾರವು.

ಮುಂದಿನದನ್ನು ಗಮನವಿಟ್ಟು ಓದಿ. ಟರ್ಕಿಯ ಒಂದು ಮಗುವಿಗೆ ಇದೇ ಕಾಯಿಲೆ ಇತ್ತು, ಬಾಯಿಯ ಮೂಲಕ ಫ್ಯೂಕೋಸ್ ಕೊಟ್ಟಾಗ ಸೋಂಕು ತಗ್ಗಿತು. ಅರಬ್ ಮಕ್ಕಳಲ್ಲಿ ಅಂಥ ಫಲ ಕಾಣಲಿಲ್ಲ. ಟರ್ಕಿಯ ಮಗುವಿನಲ್ಲಿ 147ನೇ ಆರ್ಜಿನಿನ್ ಸಿಸ್ಟೀನ್ ಆಗಿತ್ತು. ಆ ಸಾಗಣೆ ಪ್ರೋಟೀನಿನಲ್ಲಿ ಸ್ವಲ್ಪ ಶಕ್ತಿ ಉಳಿದಿದ್ದರಿಂದ ಫ್ಯೂಕೋಸ್ ಹೆಚ್ಚು ಸಿಕ್ಕಾಗ ಅದು ಒಂದಿಷ್ಟು ಒಳಗೆ ಕಳಿಸಿತು. ಅರಬ್ ಮಕ್ಕಳಲ್ಲಿ ಬದಲಾಗಿದ್ದದ್ದು 308ನೇ ಥ್ರಿಯೋನಿನ್. ಜೀನ್ ಒಂದೇ, ಕಾಯಿಲೆ ಒಂದೇ, ರೂಪಾಂತರ ಬೇರೆ ಆದ್ದರಿಂದ ಮದ್ದಿನ ಫಲವೂ ಬೇರೆ. ‘ಯಾವ ಜೀನ್’ ಎಂದು ತಿಳಿದರೆ ಸಾಲದು, ‘ಯಾವ ಅಕ್ಷರ’ ಎಂದೂ ಕೇಳಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಈ ಉದಾಹರಣೆಯನ್ನೇ ಕೊಡುತ್ತೇನೆ.

ಪುಟ್ಟನ_ಅಪ್ಪ

ಓದುತ್ತಾ ಕೈ ನಡುಗುತ್ತಿದೆ. ನಮ್ಮ ಮಗನಿಗೆ ಎರಡು ವರ್ಷ. ಕತ್ತು ನಿಂತದ್ದು ತಡ, ಇನ್ನೂ ಕೂರುವುದಿಲ್ಲ, ಕಣ್ಣು ಒಳಕ್ಕೆ ತಿರುಗುತ್ತದೆ, ಎಂಆರ್‌ಐನಲ್ಲಿ ಸೆರೆಬೆಲ್ಲಮ್ (ಕಿರುಮೆದುಳು) ಸಣ್ಣದಿದೆ ಅಂದರು. ಮಕ್ಕಳ ನರರೋಗ ತಜ್ಞರು ‘ಸಿಡಿಜಿ ಇರಬಹುದು, ಟ್ರಾನ್ಸ್‌ಫೆರಿನ್ ಟೆಸ್ಟ್ ಮಾಡಿಸಿ’ ಎಂದಿದ್ದಾರೆ. ಇದು ಈ ಸಕ್ಕರೆ ವಿಷಯವೇ ತಾನೆ? ಏನು ನೋಡುತ್ತಾರೆ ಅದರಲ್ಲಿ?

ಬೆಳಗಾವಿ_ಟು_ಬೆಲ್ಜಿಯಂ

ಅಣ್ಣ, ಹೌದು, ಇದೇ ವಿಷಯ. ಸಿಡಿಜಿ ಅಂದರೆ ಪ್ರೋಟೀನಿಗೆ ಸಕ್ಕರೆ ಸೇರುವ ದಾರಿಯಲ್ಲಿ ಹುಟ್ಟಿನಿಂದಲೇ ಇರುವ ದೋಷಗಳ ಗುಂಪು. ಮೊದಲು ಗುರುತಿಸಿದವರು ಬೆಲ್ಜಿಯಂನ ಯಾಕ್ ಯಾಕೆನ್, 1980ರಲ್ಲಿ. ಹೆಚ್ಚು ಕಾಣುವುದು ಪಿಎಂಎಂ2 ಜೀನಿನ ಬಗೆ. ನೀವು ಹೇಳಿದ ಲಕ್ಷಣಗಳು ಅದರಲ್ಲಿರುತ್ತವೆ, ಆದರೆ ಬೇರೆ ಹಲವು ಕಾಯಿಲೆಗಳಲ್ಲೂ ಇರುತ್ತವೆ. ಟೆಸ್ಟ್ ಆಗುವವರೆಗೆ ತೀರ್ಮಾನಕ್ಕೆ ಬರಬೇಡಿ.

ಟ್ರಾನ್ಸ್‌ಫೆರಿನ್ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್. ಅದರ ಮೇಲೆ ಎರಡು ಸಕ್ಕರೆ ಸರಪಳಿ, ತುದಿಗಳಲ್ಲಿ ಸಾಮಾನ್ಯವಾಗಿ ಒಟ್ಟು ನಾಲ್ಕು ಸಿಯಾಲಿಕ್ ಆಮ್ಲ. ಸರಪಳಿ ಕಡಿಮೆಯಾದರೆ ಪ್ರೋಟೀನಿನ ವಿದ್ಯುದಾವೇಶ ಬದಲಾಗುತ್ತದೆ, ಪರೀಕ್ಷೆಯಲ್ಲಿ ಪಟ್ಟಿ ಬೇರೆ ಜಾಗದಲ್ಲಿ ಕಾಣುತ್ತದೆ. ಗ್ಯಾಲಕ್ಟೋಸೀಮಿಯಾ, ಫ್ರಕ್ಟೋಸ್ ಸಹಿಸದ ಕಾಯಿಲೆ ಇದ್ದರೂ ಹಾಗೆ ಕಾಣಬಹುದು. ಅದನ್ನು ವೈದ್ಯರು ಬೇರ್ಪಡಿಸಿ ನೋಡುತ್ತಾರೆ.

ಪಿಎಂಎಂ2 ಅಲ್ಲದೆ ಎಂಪಿಐ ಎಂಬ ಜೀನಿನ ಬಗೆಯೂ ಇದೆ. ಅದರಲ್ಲಿ ಮೆದುಳಿಗೆ ತೊಂದರೆ ಇಲ್ಲ, ಯಕೃತ್ತು ಮತ್ತು ಕರುಳಿಗೆ. ಅದಕ್ಕೆ ಮ್ಯಾನೋಸ್ ಎಂಬ ಸಕ್ಕರೆ ಕುಡಿಸಿದರೆ ಫಲ ಸಿಗುತ್ತದೆ. ಹಾಗಾಗಿ ಟೆಸ್ಟ್ ಅಸಹಜ ಬಂದರೆ ಜೀನ್ ಪರೀಕ್ಷೆಯನ್ನು ಮುಂದೂಡಬೇಡಿ.

ಜೀವರಸಾಯನ_ಮೈಸೂರು

ಒಂದು ಮಾತು ಸೇರಿಸುತ್ತೇನೆ. ಟ್ರಾನ್ಸ್‌ಫೆರಿನ್ ಸಹಜ ಬಂದರೂ ಸಿಡಿಜಿ ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಮೇಲೆ ಹೇಳಿದ ಎಸ್‌ಎಲ್‌ಸಿ35ಸಿ1 ಕಾಯಿಲೆಯಲ್ಲಿ ಟ್ರಾನ್ಸ್‌ಫೆರಿನ್ ಸಹಜವಾಗಿಯೇ ಬರುತ್ತದೆ. ಲಕ್ಷಣಗಳು ಹಾಗೆಯೇ ಇದ್ದರೆ ಎಕ್ಸೋಮ್ ಪರೀಕ್ಷೆಯ (ಜೀನುಗಳ ಪ್ರೋಟೀನ್ ತಯಾರಿಸುವ ಭಾಗಗಳನ್ನೆಲ್ಲ ಒಟ್ಟಿಗೆ ಓದುವ ಪರೀಕ್ಷೆ) ಬಗ್ಗೆ ಕೇಳಿ. ಅಪ್ಪ-ಅಮ್ಮನ ಸ್ಯಾಂಪಲ್ ಜೊತೆಯಲ್ಲೇ ಕೊಟ್ಟರೆ ಯಾವ ರೂಪಾಂತರ ಯಾರಿಂದ ಬಂತು ಎಂಬುದು ಒಮ್ಮೆಲೇ ತಿಳಿಯುತ್ತದೆ.

ಲ್ಯಾಬ್_ಹುಬ್ಬಳ್ಳಿ

ಅಣ್ಣಾರ, ಹುಡುಗನ ಹಳೇ ಸಿಬಿಸಿ (ರಕ್ತಕಣ ಎಣಿಸೋ ಪರೀಕ್ಷೆ) ರಿಪೋರ್ಟ್ ಎಲ್ಲಾ ತಗದು ಬಿಳಿ ಕಣದ ಎಣಿಕಿ ತಾರೀಖಿನ ಪ್ರಕಾರ ಒಂದು ಹಾಳಿ ಮ್ಯಾಲೆ ಬರಕೊಂಡು ಹೋಗ್ರಿ. ಸೋಂಕು ಇಲ್ಲದಾಗೂ ಭಾಳ ಹೆಚ್ಚಿತ್ತಂದ್ರ ಡಾಕ್ಟರ್‌ಗೆ ತೋರ್ಸ್ರಿ. ರಕ್ತದ ಗುಂಪು ಓ ಅಂತ ಬರದಿದ್ರ ಆಂಟಿ-ಎಚ್ ಹಾಕಿ ನೋಡಾಕ ಹೇಳ್ರಿ, ಒಂದು ಹನಿ ರಕ್ತ ಸಾಕು.

ಪುಟ್ಟನ_ಅಪ್ಪ

ಚೀಟಿಯಲ್ಲಿ ಬಿ ಅಂತ ಇದೆ. ಹಾಗಾದರೆ ಎಚ್ ಇದೆ ಎಂದಾಯಿತಲ್ಲ. ಟ್ರಾನ್ಸ್‌ಫೆರಿನ್ ಟೆಸ್ಟ್‌ಗೆ ಸೋಮವಾರ ರಕ್ತ ಕೊಡುತ್ತಿದ್ದೇವೆ. ರಿಪೋರ್ಟ್ ಬಂದ ತಕ್ಷಣ ಇಲ್ಲೇ ಬರೆಯುತ್ತೇನೆ.

ಜೀವರಸಾಯನ_ಮೈಸೂರು

ಹೌದು, ಬಿ ಕಂಡಿದೆ ಎಂದರೆ ಎಚ್ ಇದೆ. ಆ ಎಸ್‌ಎಲ್‌ಸಿ35ಸಿ1 ಕಾಯಿಲೆಯನ್ನು ಪಟ್ಟಿಯಿಂದ ಬಹುಮಟ್ಟಿಗೆ ಬಿಡಬಹುದು. ಸೋಮವಾರ ಹೋಗುವಾಗ ಎಂಆರ್‌ಐ ರಿಪೋರ್ಟ್ ಪ್ರತಿಯೂ ಜೊತೆಗಿರಲಿ.